ಹಳೆ ವೈನ್ ಬಾಟಲಿ ಚಿನ್ನವಿದ್ದಂತೆಯೇ? ಏಲಂ ಕೂಗುವ ಮೊದಲು ಇದನ್ನು ಓದಿ

‘ವೈನ್ ಹಳೆಯದಾದಷ್ಟೂ ಬೆಲೆ ಏರುತ್ತದೆ, ವಿದೇಶದ ಏಲಂನಲ್ಲಿ ಒಂದು ಬಾಟಲಿ ಹಿಡಿದಿಟ್ಟರೆ ಸಾಕು’. ಈ ಧಾಟಿಯ ಸಂದೇಶ ನಿಮ್ಮ ಕುಟುಂಬದ ಗ್ರೂಪಿಗೂ ಬಂದಿರಬಹುದು. ಕೊಲ್ಲಿಯಲ್ಲೋ ಜರ್ಮನಿಯಲ್ಲೋ ಮಕ್ಕಳಿರುವ ಉಡುಪಿ, ಕಾಪು ಕಡೆಯ ಮನೆಗಳಲ್ಲಿ ಇದು ‘ಬರುವಾಗ ಎರಡು ತಾ’ ಎನ್ನುವವರೆಗೂ ಹೋಗುತ್ತದೆ. ಹಾಗಾಗಿ ಸ್ವಲ್ಪ ವಿವರವಾಗಿ ನೋಡೋಣ.

ಮಾತಿನಲ್ಲಿ ಅರ್ಧ ಸತ್ಯವಿದೆ. ಹೆಚ್ಚಿನ ವೈನ್‌ಗಳು ಕೆಲವೇ ವರ್ಷಗಳಲ್ಲಿ ಕುಡಿದು ಮುಗಿಸಬೇಕಾದವು. ದಶಕಗಟ್ಟಲೆ ಬಾಳುವ ಬಿಳಿ ವೈನ್‌ಗಳಲ್ಲಿ ಹೆಸರಾದವು ಜರ್ಮನಿಯ ಮೊಸೆಲ್ ಕಣಿವೆಯಂಥ ತಂಪು ಪ್ರದೇಶದವು. ಸೆಕೆಯಲ್ಲಿ ಮಾಗುವ ದ್ರಾಕ್ಷಿ ತನ್ನೊಳಗಿನ ಮ್ಯಾಲಿಕ್ ಆಮ್ಲವನ್ನು ಬೇಗ ಕಳೆದುಕೊಳ್ಳುತ್ತದೆ. ಚಳಿಯಲ್ಲಿ ನಿಧಾನವಾಗಿ ಮಾಗಿದ್ದರಲ್ಲಿ ಹುಳಿ ಉಳಿಯುತ್ತದೆ. ಉಪ್ಪಿನಕಾಯಿಯನ್ನು ಹುಳಿ, ಉಪ್ಪು ಕಾಯುವ ಹಾಗೆ ಇಲ್ಲಿ ಹುಳಿ, ಸಿಹಿ ಎರಡೂ ಸೇರಿ ವೈನನ್ನು ಕಾಯುತ್ತವೆ.

2015ರಲ್ಲಿ ಜರ್ಮನಿಯ ಟ್ರಿಯರ್ ನಗರದ ಏಲಂನಲ್ಲಿ ಎಗಾನ್ ಮುಲ್ಲರ್ ತೋಟದ 2003ರ ಸಿಹಿ ರೀಸ್ಲಿಂಗ್ ಬಾಟಲಿಗೆ 12 ಸಾವಿರ ಯೂರೊ ಕೂಗಿದರು. ಕಮಿಷನ್, ತೆರಿಗೆ ಬೇರೆ. ಆದರೆ ಅಲ್ಲಿ ವೈನ್ ಬರುವುದು ಬೆಳೆಗಾರರ ನೆಲಮಾಳಿಗೆಯಿಂದ ನೇರವಾಗಿ. ಕೂಗು ನಡೆಯುತ್ತಿರುವಾಗಲೇ ಸಭೆಯಲ್ಲಿದ್ದವರಿಗೆ ವೈನ್ ರುಚಿ ನೋಡಲು ಕೊಡುವ ಪದ್ಧತಿಯೂ ಉಂಟು.

ಬೇರೆ ಏಲಂಗಳಲ್ಲಿ ಮಾರಾಟಕ್ಕೆ ಬರುವುದು ಹೆಚ್ಚಾಗಿ ಯಾರೋ ಕೂಡಿಟ್ಟ ಬಾಟಲಿ. ಮಲ್ಪೆ ಬಂದರಿನ ಏಲಂನಲ್ಲಿ ಅಂಜಲ್‌ನ ಕಿವಿರು ಎತ್ತಿ ನೋಡಬಹುದು, ಇಲ್ಲಿ ಬಿರಡೆ ತೆಗೆದರೆ ಸರಕೇ ಮುಗಿಯಿತು. ಹೊರಗಿನಿಂದ ಕಾಣುವುದು ವೈನ್ ಎಷ್ಟು ಇಳಿದಿದೆ, ಬಿರಡೆ ಉಬ್ಬಿದೆಯೇ, ಬಣ್ಣ ಕಂದಾಗಿದೆಯೇ ಎಂಬಷ್ಟೇ. 1990ರ ದಶಕದ ನಡುವಿನಿಂದ ಈಚಿನ ಫ್ರಾನ್ಸ್‌ನ ಬರ್ಗಂಡಿ ಬಿಳಿ ವೈನ್‌ಗಳದ್ದೇ ಒಂದು ಕುಖ್ಯಾತ ಕಥೆ: ಒಂದೇ ಪೆಟ್ಟಿಗೆಯ ಒಂದು ಬಾಟಲಿ ಸೊಗಸಾಗಿರುತ್ತದೆ, ಪಕ್ಕದ್ದು ಅವಧಿಗೆ ಮೊದಲೇ ಗಾಳಿಗೆ ಕೆಟ್ಟಿರುತ್ತದೆ. ಇನ್ನು ನಕಲಿಯ ವಿಷಯ. ಮನೆಯಲ್ಲೇ ಬೆರೆಸಿದ ವೈನಿಗೆ ಹಳೆಯ ಲೇಬಲ್ ಅಂಟಿಸಿ ಅಮೆರಿಕದ ಶ್ರೀಮಂತರಿಗೆ ಮಾರಿದ ರೂಡಿ ಕುರ್ನಿಯಾವಾನ್‌ಗೆ 2014ರಲ್ಲಿ 10 ವರ್ಷ ಜೈಲು ಶಿಕ್ಷೆಯಾಯಿತು. ಅವನ ಗಿರಾಕಿಗಳು ದಡ್ಡರೇನೂ ಆಗಿರಲಿಲ್ಲ.

ಹಾಗಾಗಿ ಅನುಭವಿಗಳು ಹಣ ಕೊಡುವುದು ಬಾಟಲಿ ಇಷ್ಟು ವರ್ಷ ಎಲ್ಲಿ, ಹೇಗೆ ಇತ್ತು ಎಂಬುದರ ದಾಖಲೆಗೆ. ನಮ್ಮ ಊರಿನವರಿಗೆ ನಿಜವಾದ ತೊಡಕು ಇರುವುದೂ ಇಲ್ಲೇ. ಇಂಥ ವೈನ್ ಕತ್ತಲಲ್ಲಿ, ಏರಿಳಿತವಿಲ್ಲದ 12-13 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಲಗಿರಬೇಕು. ಕಾರ್ಕಳದ ಹೆಂಚಿನ ಮನೆಯ ಅಟ್ಟವಾಗಲಿ ಮಣಿಪಾಲದ ಫ್ಲ್ಯಾಟಿನ ಕಪಾಟಾಗಲಿ ಬೇಸಿಗೆಯಲ್ಲಿ 30 ಡಿಗ್ರಿ ದಾಟುತ್ತದೆ. ಸೆಕೆ ಏರಿದಷ್ಟೂ ಒಳಗಿನ ರಾಸಾಯನಿಕ ಕ್ರಿಯೆಗಳು ಚುರುಕಾಗಿ ವೈನ್ ಬೇಗ ಮುಪ್ಪಾಗುತ್ತದೆ. ಮಳೆಗಾಲದಲ್ಲಿ ಲೇಬಲ್ಲಿಗೆ ಬೂಸ್ಟು ಹಿಡಿಯುವುದು ಬೇರೆ. ವೈನಿಗೆಂದೇ ಇರುವ ಫ್ರಿಜ್ ಬೇಕು, ಕರೆಂಟೂ ಕೈಕೊಡಬಾರದು. ಆಟಿ ತಿಂಗಳಲ್ಲಿ ಅದರ ಭರವಸೆ ಯಾರು ಕೊಡುತ್ತಾರೆ?

ಲೆಕ್ಕವನ್ನೂ ನೋಡಿ. ಕೂಗಿದ ಬೆಲೆಯ ಮೇಲೆ ಏಲಂ ಸಂಸ್ಥೆಗಳು ಹಲವೆಡೆ ಶೇ 20ರಿಂದ 25ರಷ್ಟು ಕಮಿಷನ್ ಹಾಕುತ್ತವೆ. ವಿಮಾನದಲ್ಲಿ ಬರುವವರು ಸುಂಕವಿಲ್ಲದೆ ತರಬಹುದಾದ ಮದ್ಯ 2 ಲೀಟರ್, ಅಂದರೆ 750 ಮಿಲಿಲೀಟರಿನ ಎರಡೇ ಬಾಟಲಿ. ಮೂರನೆಯದು ಮಿತಿ ದಾಟುತ್ತದೆ.

ಇಷ್ಟೆಲ್ಲ ಮಾಡಿ ಮಾರುವುದು ಯಾರಿಗೆ? ಲೈಸೆನ್ಸ್ ಇಲ್ಲದೆ ಮದ್ಯ ಮಾರುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧ. ಫಾರ್ವರ್ಡ್‌ಗಳು ಇದನ್ನು ಹೇಳುವುದೇ ಇಲ್ಲ. ಮತ್ತೆ ವಿದೇಶದ ಏಲಂ ಸಂಸ್ಥೆಗೇ ಕೊಡೋಣವೆಂದರೆ, ಬಾಟಲಿ ಇಷ್ಟು ವರ್ಷ ಎಲ್ಲಿತ್ತು ಎಂದು ಅವರು ಮೊದಲೇ ಕೇಳುತ್ತಾರೆ. ‘ಕಾಪುವಿನ ಮನೆಯ ಅಟ್ಟದಲ್ಲಿ’ ಎಂದರೆ ಮಾತು ಅಲ್ಲಿಗೇ ಮುಗಿಯುತ್ತದೆ.