ತೆಪ್ಪ ಕೊಡ್ತೀರಿ, ಬೀಜ ಎಲ್ಲಿ ಸ್ವಾಮಿ?

ಮೀನಿಲ್ಲದಿದ್ದರೆ ಕಡಲಪಾಚಿ ಬೆಳೆಸಿ ಅಂತ ನಮ್ಮ ಕರಾವಳಿಯವರಿಗೆ ಉಪದೇಶ ಮಾಡುವವರು ಈಗ ಬಹಳ. 2020ರಲ್ಲಿ ಶುರುವಾದ ಕೇಂದ್ರದ ಮತ್ಸ್ಯ ಸಂಪದ ಯೋಜನೆಯಲ್ಲಿ ಪಾಚಿಗೆಂದೇ 640 ಕೋಟಿ ರೂಪಾಯಿ ಇಟ್ಟರು. ತೆಪ್ಪಕ್ಕೂ ಹಗ್ಗಕ್ಕೂ ಸಬ್ಸಿಡಿ, ಹೆಂಗಸರಿಗೆ ನೂರಕ್ಕೆ 60. ಬೇಡ ಅನ್ನಲು ನಮಗೇನು ಹುಚ್ಚೇ? ಕೇಳುವುದು ಇಷ್ಟೇ, ಬೀಜ ಎಲ್ಲಿಂದ?

ಈ ಕೆಂಪು ಪಾಚಿಗೆ ಕಪ್ಪಾಫೈಕಸ್ ಅಂತ ನಾಲಗೆ ತಿರುಗದ ಹೆಸರು. ಇದನ್ನು ಬಿತ್ತುವುದಿಲ್ಲ. ಮೆಣಸಿನ ಬಳ್ಳಿ ತುಂಡು ನೆಟ್ಟ ಹಾಗೆ ಪಾಚಿಯ ತುಂಡನ್ನೇ ಹಗ್ಗಕ್ಕೆ ಕಟ್ಟಬೇಕು. 12 ಅಡಿ ಚೌಕದ ಬಿದಿರಿನ ತೆಪ್ಪಕ್ಕೆ 20 ಹಗ್ಗ, ಹಗ್ಗಕ್ಕೆ 150 ಗ್ರಾಮಿನ 20 ತುಂಡು, ಒಟ್ಟು 60 ಕಿಲೋ. ಎಲ್ಲ ಸರಿಯಾದರೆ 45 ದಿನಕ್ಕೆ 260 ಕಿಲೋ. 60 ಕಿಲೋ ಮುಂದಿನ ಬೆಳೆಗೆ ಇಟ್ಟು ಮಿಕ್ಕ 200 ಒಣಗಿಸಿದರೆ ಕೈಗೆ ಸಿಗುವುದು 20 ಕಿಲೋ! ಅದರ ಅಂಟು ಐಸ್‌ಕ್ರೀಮಿಗೆ ಹೋಗುತ್ತದೆ. ಫಿಲಿಪ್ಪೀನ್ಸಿನವರು ಕೋಸಂಬರಿಯ ಹಾಗೆ ಮಾಡಿಕೊಂಡು ತಿನ್ನುತ್ತಾರಂತೆ.

ಭತ್ತವಾದರೆ ಮುಡಿ ಕಟ್ಟಿ ಅಟ್ಟದ ಮೇಲಿಡಬಹುದು. ಇದು ಜೀವ ಇರುವ ತುಂಡು, ಉಪ್ಪುನೀರಲ್ಲೇ ಇರಬೇಕು. ಜೂನ್ ಬಂತೆಂದರೆ ನಮ್ಮಲ್ಲಿ ದೋಣಿಯೇ ದಡ ಸೇರುತ್ತದೆ, ಬಿದಿರಿನ ತೆಪ್ಪ ನಿಂತೀತೇ? ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ತುಂಬಿ ಬಂದು ಅಳಿವೆಯ ನೀರನ್ನು ಸಪ್ಪೆ ಮಾಡಿಬಿಡುತ್ತವೆ. ಉಪ್ಪು ಇಳಿದರೆ ಪಾಚಿ ಬೆಳ್ಳಗಾಗಿ ಉದುರುತ್ತದೆ. ಮಳೆ ಮುಗಿದ ಮೇಲೆ ಮತ್ತೆ ರಾಮನಾಥಪುರದಿಂದ ಲಾರಿಯಲ್ಲಿ ತರಿಸುವುದೇ? ಬಳಚು ಆರಿಸಿ ಬದುಕುವ ಹೆಂಗಸು ಸಂಘದ ಸಾಲ ತೆಗೆದು ತೆಪ್ಪ ಇಳಿಸಿದರೆ, ಆ ಬಾಡಿಗೆ ಯಾರ ತಲೆಗೆ?

ರಾಮನಾಥಪುರದ ಕತೆಯನ್ನೂ ಕೇಳಿ. ಫಿಲಿಪ್ಪೀನ್ಸ್ ಮೂಲದ ಪಾಚಿ ಜಪಾನಿನಿಂದ 1984ರಲ್ಲಿ ನಮ್ಮ ದೇಶಕ್ಕೆ ಬಂತು. ಮಂಡಪಂ ಕಡೆ 2001ರ ಸುಮಾರಿಗೆ ಬೇಸಾಯ ಹತ್ತಿಕೊಂಡು, 2013ರ ಹೊತ್ತಿಗೆ ಒಣ ಪಾಚಿ ವರ್ಷಕ್ಕೆ ಒಂದೂವರೆ ಸಾವಿರ ಟನ್ನಿನ ಹತ್ತಿರ ಮುಟ್ಟಿತು. ಆಮೇಲೆ ರಾಶಿರಾಶಿಯಾಗಿ ಸತ್ತಿತು. ಕಡಲು ಬಿಸಿಯಾದದ್ದು ಕಾರಣ ಅನ್ನುತ್ತಾರೆ. ಇರಬಹುದು. ಆದರೆ ತುಂಡಿನಿಂದ ತುಂಡು ಮಾಡಿದ್ದೆಲ್ಲ ಒಂದೇ ತಾಯಿಯ ಮೈ ತಾನೇ? ಒಂದಕ್ಕೆ ತಡೆಯದ ಬಿಸಿ ಎಲ್ಲಕ್ಕೂ ತಡೆಯದು. ಸೊರಗು ರೋಗ ಹೊಕ್ಕ ಮೆಣಸಿನ ತೋಟ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಅಲ್ಲೇ ಕುರುಸಡೈ ದ್ವೀಪದಲ್ಲಿ ಈ ಪಾಚಿ ಹವಳದ ಮೇಲೆ ಹಬ್ಬಿದ್ದನ್ನು ವಿಜ್ಞಾನಿಗಳು 2008ರಲ್ಲೇ ಬರೆದಿದ್ದಾರೆ. ನಮ್ಮ ನೇತ್ರಾಣಿಯಲ್ಲೂ ಹವಳ ಉಂಟು.

ಹಾಗಾಗಿ ತೆಪ್ಪ ಹಂಚುವ ಮೊದಲು ದಡದಲ್ಲೊಂದು ಬೀಜದ ಮನೆ ಕಟ್ಟಿ. ಮಳೆಗಾಲ ಪೂರ್ತಿ ಉಪ್ಪುನೀರಿನ ತೊಟ್ಟಿಯಲ್ಲಿ ತುಂಡುಗಳನ್ನು ಬದುಕಿಸಿ ತೋರಿಸಿ. ನಮ್ಮ ಬಂಡೆಗಳ ಮೇಲೆ ತಾನಾಗಿ ಬೆಳೆಯುವ ಗ್ರಾಸಿಲೇರಿಯ ಜಾತಿಯ ಕೆಂಪು ಪಾಚಿಯನ್ನೂ ಹಗ್ಗಕ್ಕೆ ಕಟ್ಟಿ ನೋಡಿ. ಹಲ್ವಕ್ಕೆ ಹಾಕುವ ಚೈನಾ ಗ್ರಾಸು ಅದರ ಬಳಗದಿಂದಲೂ ಆಗುತ್ತದೆ. ಬೆಲೆ ಕಮ್ಮಿ ಬಂದೀತು, ಆದರೆ ನಮ್ಮ ನೀರು ಅದಕ್ಕೆ ಗೊತ್ತು.

ಸಬ್ಸಿಡಿ ಕಾಗದಕ್ಕೆ ಸಹಿ ಹಾಕುವ ಸಾಹೇಬರು ಜುಲೈ ತಿಂಗಳಲ್ಲಿ ಒಮ್ಮೆ ತದಡಿ ಅಳಿವೆಗೆ ಬರಲಿ. ಒಂದು ಬೊಗಸೆ ನೀರು ಬಾಯಿಗೆ ಹಾಕಿ ನೋಡಲಿ.