ಗಲ್ಲಾಪೆಟ್ಟಿಗೆ ಮತಪೆಟ್ಟಿಗೆಯಲ್ಲ

2023ರ ಮಾರ್ಚ್ ಮೊದಲ ವಾರದಲ್ಲಿ ಈ ದೇಶದ ವೃತ್ತಪತ್ರಿಕೆಗಳು ಒಂದು ಮಹತ್ತರ ಸುದ್ದಿಯನ್ನು ಢಂಗುರ ಸಾರಿದವು. ಬೇಳೆಯ ಬೆಲೆ ಇಳಿಯಿತೆಂದಲ್ಲ. ನಿರುದ್ಯೋಗಿಗಳಿಗೆ ಕೆಲಸ ಸಿಕ್ಕಿತೆಂದೂ ಅಲ್ಲ. ಜನವರಿ 25ರಂದು ತೆರೆಕಂಡಿದ್ದ 'ಪಠಾನ್' ಎಂಬ ಗೂಢಚಾರ ಚಿತ್ರ ಆರನೆಯ ವಾರಕ್ಕೆ ಕಾಲಿಟ್ಟು, 'ಬಾಹುಬಲಿ' ಎರಡನೆಯ ಭಾಗದ ಹಿಂದಿ ಆವೃತ್ತಿ 2017ರಲ್ಲಿ ಗಳಿಸಿದ್ದ ಸುಮಾರು 511 ಕೋಟಿ ರೂಪಾಯಿಯ ದಾಖಲೆಯನ್ನು ಮುರಿಯಿತಂತೆ! ಮೊದಲ ದಿನ ಐವತ್ತು ಕೋಟಿ ದಾಟಿದ್ದ ವಸೂಲಿ ಆ ಹೊತ್ತಿಗೆ ದಿನಕ್ಕೆ ಒಂದು ಕೋಟಿಯ ಆಸುಪಾಸಿಗೆ ಇಳಿದಿತ್ತು. ಆದರೂ ಲಕ್ಷ ಲಕ್ಷವನ್ನು ಎಣಿಸುತ್ತ ಕೂತವರು ಧಣಿಗಳಷ್ಟೇ ಅಲ್ಲ. ಕೈಯಲ್ಲಿ ಬಿಡಿಕಾಸಿಲ್ಲದ ನಮ್ಮ ಯುವಕರು ಬೇರೆಯವರ ಗಲ್ಲಾಪೆಟ್ಟಿಗೆಯ ಕಾವಲಿಗೆ ನಿಂತಿದ್ದರು, ಸಂಬಳವಿಲ್ಲದೆ.

ಈ ಎಣಿಕೆಯ ಹುಚ್ಚಿಗೆ ಒಂದು ಹಿನ್ನೆಲೆಯಿತ್ತು. 2022ರ ಡಿಸೆಂಬರಿನಲ್ಲಿ ಆ ಚಿತ್ರದ ಒಂದು ಹಾಡಿನಲ್ಲಿ ನಟಿ ತೊಟ್ಟ ಉಡುಪಿನ ಬಣ್ಣವನ್ನು ಹಿಡಿದು ಧರ್ಮದ ಗುತ್ತಿಗೆದಾರರು ಗದ್ದಲವೆಬ್ಬಿಸಿದರು. ಚಿತ್ರವನ್ನು ಬಹಿಷ್ಕರಿಸಿರೆಂದು ಕರೆ ಕೊಟ್ಟರು. ಕಲಾವಿದನ ಹೆಸರು ನೋಡಿ ಕಲೆಯನ್ನು ಬಹಿಷ್ಕರಿಸುವುದು ಅನಾಗರಿಕತನ. ಆ ಕರೆಗೆ ಜನ ಕಿವಿಗೊಡಲಿಲ್ಲವೆಂಬುದು ನಮಗೂ ಸಂತೋಷವೇ. ಮುಚ್ಚಿದ್ದ ಇಪ್ಪತ್ತೈದು ಹಳೆಯ ಚಿತ್ರಮಂದಿರಗಳು ಈ ಚಿತ್ರಕ್ಕಾಗಿ ಮತ್ತೆ ಬಾಗಿಲು ತೆರೆದವೆಂದು ವರದಿಯಾಯಿತು. ಅದೂ ಒಳ್ಳೆಯದೇ.

ಆದರೆ ನಮ್ಮ ಪ್ರಗತಿಪರ ಮಿತ್ರರು ಅಷ್ಟಕ್ಕೆ ನಿಲ್ಲಲಿಲ್ಲ. ಒಂದೊಂದು ಕೋಟಿ ಏರಿದಾಗಲೂ ಅದು ಜಾತ್ಯತೀತತೆಗೆ ಬಿದ್ದ ಮತವೆಂದು ಕುಣಿದರು. ಕೋಮುವಾದಿಗಳು ಖಾಲಿ ಕುರ್ಚಿ ಎಣಿಸಿದರು, ಇವರು ತುಂಬಿದ ಕುರ್ಚಿ ಎಣಿಸಿದರು. ಗಲ್ಲಾಪೆಟ್ಟಿಗೆಯೇ ಜನತೆಯ ತೀರ್ಪು ಎಂಬ ವ್ಯಾಪಾರಿಯ ಸಿದ್ಧಾಂತವನ್ನು ಮಾತ್ರ ಇಬ್ಬರೂ ಒಪ್ಪಿದರು. ನಮ್ಮ ತಕರಾರು ಇರುವುದು ಇಲ್ಲಿ.

ಮತಪೆಟ್ಟಿಗೆಯಲ್ಲಿ ಕೂಲಿಗೂ ಒಂದು ಮತ, ಕೋಟ್ಯಧೀಶನಿಗೂ ಒಂದೇ ಮತ. ಗಲ್ಲಾಪೆಟ್ಟಿಗೆಯಲ್ಲಿ ಹಾಗಲ್ಲ. ನೂರು ರೂಪಾಯಿಯ ಕುರ್ಚಿಯಲ್ಲಿ ಕೂತವನಿಗೆ ಒಂದು ಮತವಾದರೆ, ಎಂಟುನೂರು ರೂಪಾಯಿಯ ಮೆತ್ತೆಯ ಮೇಲೆ ಕಾಲು ಚಾಚಿದವನಿಗೆ ಎಂಟು ಮತ. ನೂರರಂತೆ ಸಾವಿರ ಜನ ನೋಡಿದರೂ ಲಕ್ಷ ರೂಪಾಯಿ. ನಾನೂರರಂತೆ ಇನ್ನೂರೈವತ್ತು ಜನ ನೋಡಿದರೂ ಅದೇ ಲಕ್ಷ. ಎರಡನೆಯ ಊರಿನಲ್ಲಿ ಮುಕ್ಕಾಲುಪಾಲು ಜನ ಹೊರಗುಳಿದರು. ಅದನ್ನು ಆ ಲಕ್ಷ ಹೇಳುವುದಿಲ್ಲ. 2017ರ ದರ ಬೇರೆ, 2023ರ ದರ ಬೇರೆ. ಹೀಗಿರುವಾಗ ರೂಪಾಯಿಯ ದಾಖಲೆ ಮುರಿದದ್ದು ಜನರೋ, ಟಿಕೆಟ್ಟಿನ ಬೆಲೆಯೋ?

ಇನ್ನು ಆ ಕೋಟಿಗಳಾದರೂ ಯಾವ ಕೋಟಿ? ಪ್ರಪಂಚದಾದ್ಯಂತ 1,050 ಕೋಟಿ ಎಂದು ಹೇಳಿದರು. ಅದು ತೆರಿಗೆಯೂ ಸೇರಿದ ಒಟ್ಟು ವಸೂಲಿ. ಅದರಲ್ಲಿ ಭಾರತದ ಪಾಲು 650 ಕೋಟಿಗೆ ಮೇಲ್ಪಟ್ಟು. ತೆರಿಗೆ ಕಳೆದರೆ ಸುಮಾರು 540 ಕೋಟಿ. ಅದೂ ನಿರ್ಮಾಪಕನಿಗೆ ಪೂರ್ತಿ ಸೇರುವುದಿಲ್ಲ. 2009ರಲ್ಲಿ ಹಿಂದಿ ಚಿತ್ರ ನಿರ್ಮಾಪಕರೂ ಮಲ್ಟಿಪ್ಲೆಕ್ಸ್ ಒಡೆಯರೂ ಎರಡು ತಿಂಗಳು ಜಗಳವಾಡಿ ಒಂದು ಒಪ್ಪಂದಕ್ಕೆ ಬಂದರು. ಅದರ ಮೇರೆಗೆ ನಿರ್ಮಾಪಕ ಮತ್ತು ವಿತರಕರ ಪಾಲು ಮೊದಲ ವಾರ ಶೇಕಡ 50, ಎರಡನೆಯ ವಾರ 42.5, ಮೂರನೆಯ ವಾರ 37.5, ಆಮೇಲೆ 30. ಶೇಕಡ 18ರ ತೆರಿಗೆ ಸೇರಿ 236 ರೂಪಾಯಿಯ ಟಿಕೆಟ್ಟು ಕೊಂಡರೆ 36 ರೂಪಾಯಿ ಸರಕಾರಕ್ಕೆ. ಉಳಿದ 200ರಲ್ಲಿ ಮೊದಲ ವಾರ 100 ರೂಪಾಯಿ ನಿರ್ಮಾಪಕನ ಕಡೆಗೆ ಹೋದರೆ, ಆರನೆಯ ವಾರ ಹೋಗುವುದು 60 ಮಾತ್ರ. ಪತ್ರಿಕೆಯಲ್ಲಿ ಎರಡೂ ವಾರ ಅಚ್ಚಾಗುವುದು ಒಂದೇ ಬಗೆಯ ಅಂಕಿ. ಎತ್ತು ಈಯಿತೆಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಪತ್ರಿಕೆಗಳಿಗೆ ಇದನ್ನು ಕೇಳುವ ವ್ಯವಧಾನವೆಲ್ಲಿ?

ಹಾಗಾದರೆ ಪಾಲು ಕಡಮೆಯಾಗುವ ಕೊನೆಯ ವಾರಗಳಲ್ಲೇ ಇಷ್ಟು ಬಾಜಾಬಜಂತ್ರಿ ಯಾಕೆ? ದಾಖಲೆಯೇ ಒಂದು ಸರಕು, ಅದಕ್ಕೆ. ಅದನ್ನು ತೋರಿಸಿ ಮುಂದಿನ ಚಿತ್ರವನ್ನು ಮಾರಬಹುದು. ಅದೇ ಸಂಸ್ಥೆಯ ಅದೇ ಗೂಢಚಾರ ಸರಣಿಯ 'ಟೈಗರ್ 3' ಆ ವರ್ಷದ ನವೆಂಬರಿನಲ್ಲಿಯೇ ತೆರೆಗೆ ಬಂತು.

ಇದರ ನಡುವೆ ಧಣಿಗಳು ತಮಗರಿವಿಲ್ಲದೆಯೇ ಒಂದು ಸತ್ಯ ನುಡಿದರು. ಐನೂರು ಕೋಟಿ ದಾಟಿದ ಸಂಭ್ರಮಕ್ಕೆಂದು ಫೆಬ್ರವರಿ 17ರ ಶುಕ್ರವಾರ ದೊಡ್ಡ ಮಲ್ಟಿಪ್ಲೆಕ್ಸ್‌ಗಳಲ್ಲಿ ಟಿಕೆಟ್ಟಿನ ಬೆಲೆಯನ್ನು 110 ರೂಪಾಯಿಗೆ ಇಳಿಸಿದರು. ಅದೇ ತೆರೆ, ಅದೇ ಕುರ್ಚಿ, ಅದೇ ತಂಪುಗಾಳಿ. 110 ರೂಪಾಯಿಗೆ ತೋರಿಸಲು ಸಾಧ್ಯವೆಂದು ಅವರೇ ಸಾಧಿಸಿ ತೋರಿಸಿದ ಹಾಗಾಯಿತು. ಆದರೆ ಯಾವಾಗ? ಉಳ್ಳವರಿಂದ ಹಿಂಡುವಷ್ಟು ಹಿಂಡಿಯಾದ ಮೇಲೆ, ಇಪ್ಪತ್ತನಾಲ್ಕನೆಯ ದಿನ. ನಮ್ಮ ಹಳೆಯ ಟಾಕೀಸುಗಳಲ್ಲಿ ಬಡವನಿಗೆ ಗಾಂಧಿ ಕ್ಲಾಸೆಂಬ ಜಾಗವಿತ್ತು. ಬೆಂಚು ಮುರುಕಾದರೂ ಮೊದಲ ದಿನ, ಮೊದಲ ಆಟ, ಮೊದಲ ಶಿಳ್ಳೆ ಅವನದೇ ಆಗಿತ್ತು. ಈಗ ಅವನು ಪಂಕ್ತಿ ಎದ್ದ ಮೇಲೆ ಬಂದು ಕೂರಬೇಕು. ಅವನ 110 ರೂಪಾಯಿಯೂ ಧಣಿಯ ದಾಖಲೆಗೆ ಸೇರಬೇಕು.

ಕರ್ನಾಟಕದಲ್ಲಿ ಆದದ್ದೇನು? 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರಕಾರ, ತೆರಿಗೆ ಬಿಟ್ಟು 200 ರೂಪಾಯಿಗಿಂತ ಹೆಚ್ಚು ದರ ವಸೂಲು ಮಾಡಕೂಡದೆಂದು ನಿಯಮ ತಂದಿತು. 75 ಅಥವಾ ಕಡಮೆ ಆಸನಗಳ ವಿಲಾಸಿ ಮಂದಿರಗಳಿಗೆ ಮಾತ್ರ ವಿನಾಯಿತಿ ಕೊಟ್ಟಿತು. ಅದೇ ತಿಂಗಳು ಹೈಕೋರ್ಟಿನ ತಡೆ ಬಂತು. ಮುಂದೆ ತೀರ್ಪು ಸರಕಾರದ ಪರವಾದರೆ ಪ್ರೇಕ್ಷಕರ ಹಣ ಹಿಂದಿರುಗಿಸಲು ಸಾಧ್ಯವಾಗಲೆಂದು, ಮಾರಿದ ಪ್ರತಿಯೊಂದು ಟಿಕೆಟ್ಟಿನ ಲೆಕ್ಕ ಇಡಬೇಕೆಂದು ವಿಭಾಗೀಯ ಪೀಠ ಹೇಳಿತು. ಮಲ್ಟಿಪ್ಲೆಕ್ಸ್ ಒಡೆಯರು ಸುಪ್ರೀಂ ಕೋರ್ಟಿಗೆ ಓಡಿದರು. ನವೆಂಬರಿನಲ್ಲಿ ಆ ನಿರ್ದೇಶನಕ್ಕೂ ತಡೆ ಬಿತ್ತು. ನ್ಯಾಯಾಲಯದ ವಿವೇಚನೆಯ ಬಗ್ಗೆ ನಾವು ಮಾತಾಡುವುದಿಲ್ಲ. ಒಡೆಯರ ಬಗ್ಗೆ ಮಾತ್ರ ಕೇಳುತ್ತೇವೆ. ದಾಖಲೆ ಮುರಿದಾಗ ಲಕ್ಷದ ಲೆಕ್ಕವನ್ನೂ ಬೆಳಗಾಗುವುದರೊಳಗೆ ಊರಿಗೆ ಸಾರಬಲ್ಲವರಿಗೆ, ಪ್ರೇಕ್ಷಕನ ಹಣದ ಲೆಕ್ಕ ಇಡುವುದು ಮಾತ್ರ ಹೊರೆಯೇ?

ಗೂಢಚಾರ ಚಿತ್ರದ ನಾಯಕ ಶತ್ರುರಾಷ್ಟ್ರದ ಉಕ್ಕಿನ ಬಾಗಿಲು ಒಡೆದು ರಹಸ್ಯ ತರುತ್ತಾನೆ. ಅವನ ಚಿತ್ರಕ್ಕೆ ಎಷ್ಟು ಟಿಕೆಟ್ಟು ಹರಿದವು ಎಂಬ ರಹಸ್ಯವನ್ನು ಮಾತ್ರ ಯಾವ ಗೂಢಚಾರನೂ ತರಲಾರ! ನಮ್ಮಲ್ಲಿ ಅಂಕಿಗಳನ್ನು ಕೊಡುವವರು ನಿರ್ಮಾಪಕರು, ಇಲ್ಲವೇ ವ್ಯಾಪಾರದ ಪಂಡಿತರು. ಫ್ರಾನ್ಸಿನಲ್ಲಿ ಹಾಗಿಲ್ಲ. ಅಲ್ಲಿ ಸರಕಾರದ ರಾಷ್ಟ್ರೀಯ ಚಲಚ್ಚಿತ್ರ ಕೇಂದ್ರವೇ ಪ್ರೇಕ್ಷಕರ ತಲೆಯೆಣಿಕೆಯನ್ನು ಪ್ರಕಟಿಸುತ್ತದೆ. ಪ್ರತಿ ಟಿಕೆಟ್ಟಿನ ಮೇಲೆ ಶೇಕಡ 10.72 ವಿಶೇಷ ತೆರಿಗೆ ಪಡೆದು ಚಲಚ್ಚಿತ್ರ ಕಲೆಗೇ ಹಿಂದಿರುಗಿಸುತ್ತದೆ. ದಕ್ಷಿಣ ಕೊರಿಯದಲ್ಲಿ ಸರಕಾರಿ ಚಲಚ್ಚಿತ್ರ ಮಂಡಳಿ ದಿನದಿನದ ಪ್ರೇಕ್ಷಕರ ಸಂಖ್ಯೆಯನ್ನು ಯಾರು ಬೇಕಾದರೂ ನೋಡುವಂತೆ ಬಹಿರಂಗಪಡಿಸುತ್ತದೆ. ಇವೇನೂ ಸಮಾಜವಾದಿ ರಾಷ್ಟ್ರಗಳಲ್ಲ. ಆದರೂ ಅಲ್ಲಿ ಎಣಿಸುವುದು ತಲೆಗಳನ್ನು. ನಾವು ಎಣಿಸುವುದು ನೋಟುಗಳನ್ನು.

ಇದು ಬರಿಯ ಕುತೂಹಲದ ಪ್ರಶ್ನೆಯೆಂದು ಯಾರೂ ಭಾವಿಸಬಾರದು. ಕರ್ನಾಟಕದ ಶಾಸಕಾಂಗ 2024ರಲ್ಲಿ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿಗೆ ಕಾನೂನು ಮಾಡಿ, ಟಿಕೆಟ್ಟಿನ ಮೇಲೆ ಶೇಕಡ 1ರಿಂದ 2ರವರೆಗೆ ಉಪಕರ ವಿಧಿಸಲು ಅವಕಾಶ ಕಲ್ಪಿಸಿತು. ದೀಪ ಹೊರುವವನು, ಬಣ್ಣ ಬಳಿಯುವವನು, ಗುಂಪಿನ ಕುಣಿತದಲ್ಲಿ ಕೊನೆಯ ಸಾಲಿನಲ್ಲಿ ನಿಲ್ಲುವ ಹೆಣ್ಣುಮಗಳು, ಇವರ ಕಾಯಿಲೆ ಕಸಾಲೆಗೆ, ಮುಪ್ಪಿಗೆ ಆಧಾರವಾಗಬೇಕಾದ ಹಣವದು. ಟಿಕೆಟ್ಟಿನ ಲೆಕ್ಕ ಒಡೆಯನ ಪೆಟ್ಟಿಗೆಯಲ್ಲಿ ಬೀಗ ಹಾಕಿಕೊಂಡಿದ್ದರೆ ದುಡಿಯುವವನ ಪಾಲು ಒಡೆಯನ ಬಾಯಿಮಾತಿಗೆ ಸಿಕ್ಕಿಬೀಳುತ್ತದೆ.

ಆದ್ದರಿಂದ ನಮ್ಮ ಬೇಡಿಕೆ ಇಷ್ಟೇ. ಪ್ರತಿಯೊಂದು ಚಿತ್ರಕ್ಕೆ ಯಾವ ದರದಲ್ಲಿ ಎಷ್ಟು ಟಿಕೆಟ್ಟು ಮಾರಿತೆಂಬುದನ್ನು ಸರಕಾರವೇ ವಾರವಾರವೂ ಪ್ರಕಟಿಸಲಿ. ಟಿಕೆಟ್ಟುಗಳು ಯಂತ್ರದಲ್ಲೇ ಮುದ್ರಣವಾಗುತ್ತವೆ, ತೆರಿಗೆಯ ಲೆಕ್ಕ ಸರಕಾರಕ್ಕೆ ಹೋಗಿಯೇ ಹೋಗುತ್ತದೆ. ಇದು ಆಗದ ಕೆಲಸವಲ್ಲ. ಕಾರ್ಮಿಕರ ಉಪಕರವನ್ನು ಆ ಲೆಕ್ಕದಿಂದಲೇ ವಸೂಲು ಮಾಡಲಿ. ಎಲ್ಲ ಚಿತ್ರಮಂದಿರಗಳಲ್ಲಿಯೂ ಮೊದಲ ದಿನದಿಂದಲೇ ಒಂದಷ್ಟು ಕುರ್ಚಿಗಳನ್ನು ಬಡವನ ದರಕ್ಕೆ ಮೀಸಲಿಡಲಿ. ಹೊಳೆಗೆ ಸುರಿದರೂ ಅಳೆದು ಸುರಿ ಎಂದರು ಹಿರಿಯರು. ಜನ ತಮ್ಮ ಬೆವರಿನ ಹಣ ಸುರಿಯುತ್ತಿದ್ದಾರೆ. ಅಳೆಯುವ ಸೇರು ಮಾತ್ರ ಧಣಿಯ ಕೈಯಲ್ಲಿದೆ. ಆ ಸೇರನ್ನು ಜನತೆ ತನ್ನ ಕೈಗೆ ತೆಗೆದುಕೊಳ್ಳಲಿ. ಅಲ್ಲಿಯವರೆಗೆ, ತರುಣ ಮಿತ್ರರೇ, ಧಣಿಯ ದುಡ್ಡನ್ನು ಬಿಟ್ಟಿಯಾಗಿ ಎಣಿಸುವ ಚಾಕರಿ ನಿಮಗೆ ಬೇಡ.