ಅಜ್ಜನ ಡೈರಿಯಲ್ಲಿದ್ದ ನಾಟಕ ಕಂಪನಿ

‘ತಮ್ಮಾ, ಅಜ್ಜಾರು ಅದಾರೇನ?’

ಹೋದ ಫೆಬ್ರವರಿಯಲ್ಲಿ, ಇಂಟರ್ನಲ್ಸ್ ಹಿಂದಿನ ರಾತ್ರಿ ಬಂದ ಫೋನ್ ಅದು. ಅಜ್ಜನ ಸಿಮ್ ಈಗ ನನ್ನ ಮೊಬೈಲ್‌ನಲ್ಲಿದೆ. ಅವರು ತೀರಿಕೊಂಡು ಎಂಟು ತಿಂಗಳಾಯ್ತು ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, ‘ಹಂಗಾದ್ರ ಈ ಸಲ ಇಳಕಲ್ಲಿಗೆ ಬರೂದು ಕಷ್ಟ ಐತಿ ಬಿಡಪಾ’ ಎಂದು ಫೋನ್ ಇಟ್ಟರು. ಅವರು ನಾಟಕ ಕಂಪನಿಯೊಂದರ ಮ್ಯಾನೇಜರ್.

ನನಗೆ ಮೊದಲು ಬಂದದ್ದು ಸಿಟ್ಟು. ಮಗ್ಗದ ಮುಂದೆ ಕೂತು ಸೀರೆ ನೇಯುತ್ತಿದ್ದ ಒಬ್ಬ ಮುದುಕ ಇಲ್ಲವಾದರೆ ಇಡೀ ಊರಿಗೇ ಕಂಪನಿ ಬರುವುದಿಲ್ಲವೇ?

ನಮ್ಮ ಭಾಗದವರಿಗೆ ಬನಶಂಕರಿ ಜಾತ್ರೆಯ ಬಗ್ಗೆ ಹೇಳಬೇಕಿಲ್ಲ. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೆ ವಾರಗಟ್ಟಲೆ ಅಲ್ಲಿ ನಾಟಕದ್ದೇ ರಾಜ್ಯ. ಸಾಲಾಗಿ ತಗಡಿನ ಥಿಯೇಟರ್‌ಗಳು, ಒಂದರ ಮೈಕು ಇನ್ನೊಂದಕ್ಕೆ ಕೇಳುವಂತೆ. ಅಲ್ಲಿ ಊರು ಹುಡುಕುವ ಗೋಜಿಲ್ಲ, ಜನ ತಾವಾಗಿ ಬರುತ್ತಾರೆ. ತಾಪತ್ರಯ ಶುರುವಾಗುವುದು ಜಾತ್ರೆ ಮುಗಿದ ಮೇಲೆ. ಲಾರಿಗೆ ತಗಡು, ಕುರ್ಚಿ, ಪರದೆ ಹೇರಿಕೊಂಡು ಮುಂದಿನ ಕ್ಯಾಂಪ್ ಎಲ್ಲಿಗೆ?

ಅಜ್ಜನ ಕೆಲಸ ಅಲ್ಲಿಂದ ಶುರು. ಖಾಲಿ ಜಾಗದ ಮಾಲೀಕರನ್ನು ಒಪ್ಪಿಸುವುದು, ನಗರಸಭೆ ಮತ್ತು ಪೊಲೀಸ್ ಠಾಣೆಯ ಪರವಾನಗಿಗೆ ಓಡಾಡುವುದು, ತಾತ್ಕಾಲಿಕ ಕರೆಂಟ್ ಹಾಕಿಸುವುದು, ನೀರಿನ ಟ್ಯಾಂಕರ್. ಕಿರಾಣಿ ಅಂಗಡಿಯಲ್ಲಿ ಉದ್ರಿ ಹೇಳಿಡುವುದು, ಯಾಕೆಂದರೆ ಮೊದಲ ವಾರ ಕಲೆಕ್ಷನ್ ಇರುವುದಿಲ್ಲ. ಕಲೆಕ್ಷನ್ ತೀರಾ ಬಿದ್ದರೆ ಪರಿಚಯದ ವ್ಯಾಪಾರಿಗಳಿಗೆ ಹೇಳಿ ಒಂದೆರಡು ಆಟ ಕಾಂಟ್ರಾಕ್ಟ್ ಕೊಡಿಸುವುದು. ಎಲ್ಲಕ್ಕಿಂತ ಕಷ್ಟದ್ದು, ಕಲಾವಿದೆಯರಿಗೆ ಬಾಡಿಗೆ ಮನೆ. ‘ನಾಟಕದವರಿಗೆ ಕೊಡಂಗಿಲ್ರೀ’ ಎನ್ನುವವರೇ ಹೆಚ್ಚು. (ಬೆಂಗಳೂರಿನಲ್ಲಿ ಇಂಟರ್ನ್‌ಶಿಪ್‌ಗೆಂದು ರೂಮು ಹುಡುಕಿದ ಹುಡುಗರಿಗೆ ಈ ಉತ್ತರದ ರುಚಿ ಗೊತ್ತು.) ಅಜ್ಜ ಹೋಗಿ ಕಟ್ಟೆಯ ಮೇಲೆ ಕೂತು, ಚಹಾ ಕುಡಿದು, ‘ಏನರ ಆದ್ರ ನನ್ನ ಕೇಳ್ರಿ’ ಎಂದು ಬರುತ್ತಿದ್ದರು. ಮನೆ ಸಿಗುತ್ತಿತ್ತು.

ನಾವು ಕೆಲಸ ಹುಡುಕುವ ಹುಡುಗರಿಗೆ ‘ಪರಿಚಯ’ ಎಂಬ ಮಾತು ಕೇಳಿದರೇ ಮೈ ಉರಿಯುತ್ತದೆ. ‘ಅವರ ಕಡೆಯವರು’ ಒಳಗಿದ್ದಾರಂತೆ ಎಂಬ ಸುದ್ದಿ ಕೇಳದೆ ಯಾವ ಇಂಟರ್‌ವ್ಯೂ ಮುಗಿದಿದೆ? ನಾನೂ ಅಜ್ಜನ ಓಡಾಟವನ್ನು ವಶೀಲಿ ಎಂದೇ ಗೇಲಿ ಮಾಡಿದ್ದೆ. ಈಗ ಹಾಗನಿಸುವುದಿಲ್ಲ. ವಶೀಲಿ ಮಾಡುವವನು ಇನ್ನೊಬ್ಬರ ಪಾಲಿನದನ್ನು ತನ್ನವನಿಗೆ ಕೊಡಿಸುತ್ತಾನೆ, ತಾನೇನೂ ಕಳೆದುಕೊಳ್ಳುವುದಿಲ್ಲ. ಅಜ್ಜ ಯಾರ ಪಾಲನ್ನೂ ಕಸಿಯಲಿಲ್ಲ. ಒತ್ತೆ ಇಟ್ಟದ್ದು ತಮ್ಮ ಹೆಸರನ್ನು. ಒಂದು ವರ್ಷ ಅಕಾಲದ ಮಳೆಗೆ ಆಟಗಳು ನಿಂತು, ಕಂಪನಿ ಬಾಕಿ ಉಳಿಸಿ ಹೋದಾಗ ಅಂಗಡಿಯ ಉದ್ರಿಯನ್ನು ಸೀರೆ ಮಾರಿದ ದುಡ್ಡಿನಲ್ಲಿ ತೀರಿಸಿದ್ದು ಅವರೇ. ಅಜ್ಜಿ ಆ ಮಾತನ್ನು ಇವತ್ತಿಗೂ ಬಿಟ್ಟಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಜಾತ್ರೆಗಳೇ ನಿಂತಾಗ ಅದೇ ಮ್ಯಾನೇಜರ್ ಮನೆಗೆ ಒಂದು ಚೀಲ ಜೋಳ ಕಳಿಸಿದ್ದೂ ನಿಜ.

ಈ ನಾಡಿನಲ್ಲಿ ಕಂಪನಿಗಳು ನಡೆದದ್ದೇ ಹೀಗೆ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು ಅಂಧ ಮಕ್ಕಳನ್ನು ಸಾಕಲು ನಾಟಕ ಕಂಪನಿಯನ್ನೇ ಕಟ್ಟಿದರು. ಪುಟ್ಟರಾಜ ಗವಾಯಿಗಳು ಅದಕ್ಕೆ ತಾವೇ ನಾಟಕ ಬರೆದರು. ಊರೂರಿನ ಭಕ್ತರ ಪರಿಚಯವಿಲ್ಲದೆ ಆ ಬಂಡಿ ಉರುಳುತ್ತಿತ್ತೇ? ನಮ್ಮ ಜಿಲ್ಲೆಯ ಕಮತಗಿಯ ಹೆಸರು ಹೊತ್ತ ಹುಚ್ಚೇಶ್ವರ ನಾಟ್ಯ ಸಂಘವೂ ಹೀಗೆಯೇ ಊರೂರು ಸುತ್ತಿದ್ದು. ಅಮೀರಬಾಯಿ ಕರ್ನಾಟಕಿ, ಗೋಹರಬಾಯಿ ಹುಟ್ಟಿದ ಬೀಳಗಿ ಇರುವುದೂ ಇದೇ ಜಿಲ್ಲೆಯಲ್ಲಿ. ನಾಟಕ ನಮಗೆ ಹೊರಗಿನದಲ್ಲ.

ಆದರೂ ಮೊದಲಿನ ಸಿಟ್ಟು ಪೂರ್ತಿ ತಪ್ಪು ಎನ್ನಲಾರೆ. ಊರಿನ ಒಂದು ರೂಢಿ ಒಬ್ಬ ವ್ಯಕ್ತಿಯ ಡೈರಿಯಲ್ಲಿ ಮಾತ್ರ ಇದ್ದರೆ, ಅವನ ಜತೆಗೇ ಅದೂ ಮಣ್ಣಿಗೆ ಹೋಗುತ್ತದೆ. ಕಂಪನಿ ಇಳಿಯುತ್ತಿದ್ದ ಜಾಗದಲ್ಲಿ ಈಗ ಪ್ಲಾಟ್‌ಗಳ ಕಲ್ಲು ನೆಟ್ಟಿದ್ದಾರೆ. ಊರಿಗೊಂದು ಬಯಲು, ಅಲ್ಲೊಂದು ನಲ್ಲಿ, ಕರೆಂಟಿನ ಕಂಬ, ದಿನಕ್ಕಿಷ್ಟು ಬಾಡಿಗೆ ಎಂಬ ಬೋರ್ಡು, ಎಲ್ಲ ಪರವಾನಗಿಗೂ ಒಂದೇ ಅರ್ಜಿ ಇರಬೇಕು. ಇದಕ್ಕೆ ದೊಡ್ಡ ಯೋಜನೆಯೇನೂ ಬೇಡ. ನಾಟಕವೋ ಸರ್ಕಸ್ಸೋ, ಯಾರೇ ಬಂದರೂ ಯಾರ ಪರಿಚಯವನ್ನೂ ಹುಡುಕದೆ ಇಳಿಯಬಹುದು. ದಾವಣಗೆರೆಯಲ್ಲಿ ವೃತ್ತಿ ರಂಗಭೂಮಿಗೆಂದೇ ರಂಗಾಯಣ ಮಾಡಿರುವ ಸರ್ಕಾರಕ್ಕೆ ತಾಲ್ಲೂಕಿಗೊಂದು ಬಯಲು ಭಾರವಾಗಲಾರದು. ಆದರೆ ಅರ್ಜಿ ಬಾಡಿಗೆ ಮನೆ ಕೊಡಿಸುವುದಿಲ್ಲ, ಉದ್ರಿಯನ್ನೂ ಕೊಡಿಸುವುದಿಲ್ಲ. ಅದಕ್ಕೆ ಕಟ್ಟೆಯ ಮೇಲೆ ಕೂರುವವರೇ ಬೇಕು.

ದೀಪಾವಳಿ ರಜೆಯಲ್ಲಿ ಅಜ್ಜನ ಡೈರಿ ಹಿಡಿದು ಆ ಕಿರಾಣಿ ಅಂಗಡಿಗೆ ಹೋದೆ. ಅಂಗಡಿ ಕಾಕಾ ನನ್ನ ಮಾತು ಪೂರ್ತಿ ಕೇಳಿ, ‘ಉದ್ರಿ ಕೊಡೂಣು. ಹೊಣಿ ಯಾರು, ನೀನಾ?’ ಎಂದರು. ನನಗೆ ಇಪ್ಪತ್ತು ವರ್ಷ, ಸಂಬಳವಿಲ್ಲ, ಒಂದು ಸಬ್ಜೆಕ್ಟ್ ಬ್ಯಾಕ್‌ಲಾಗ್ ಬೇರೆ. ‘ಅಪ್ಪಾರನ್ನ ಕೇಳಿ ಹೇಳ್ತೀನ್ರಿ’ ಎಂದು ಬಂದೆ. ಅಪ್ಪ ಇನ್ನೂ ಏನೂ ಹೇಳಿಲ್ಲ. ಅಜ್ಜಿ ಮಾತ್ರ, ‘ಈ ಸಲನೂ ಸೀರಿ ಮಾರಿ ತೀರ್ಸೂದ ಏನ?’ ಎಂದು ಕೇಳಿ, ಯಾವ ನಾಟಕ ಆಡುತ್ತಾರಂತೆ ಎಂದೂ ವಿಚಾರಿಸಿದಳು. ಬನದ ಹುಣ್ಣಿಮೆಗೆ ಇನ್ನೆರಡು ತಿಂಗಳಿದೆ. ಮ್ಯಾನೇಜರ್ ನಂಬರನ್ನು ನನ್ನ ಹೆಸರಿನ ಸಿಮ್‌ನಲ್ಲೂ ಸೇವ್ ಮಾಡಿಕೊಂಡಿದ್ದೇನೆ.